ಸ್ತ್ರಿಬೋರನ ಕಾಡಿನಿಂದ ದಿಯುವಿನವರೆಗೆ
ಕ್ರೊಯೇಷಿಯಾದ ಕಥೆಗಾರ್ತಿ ಇವಾನಾ ಬ್ರ್ಲಿಚ್-ಮಝುರಾನಿಚ್ 1874ರಲ್ಲಿ, ಆ ನಾಡು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಓಗುಲಿನ್ ಪಟ್ಟಣದಲ್ಲಿ ಜನಿಸಿದರು. ಅಜ್ಜ ಇವಾನ್ ಮಝುರಾನಿಚ್ ಹೆಸರಾಂತ ಕವಿಯಾಗಿದ್ದುದಲ್ಲದೆ ‘ಬಾನ್’ ಪದವಿಯಲ್ಲಿದ್ದು, ಅಂದರೆ ಕ್ರೊಯೇಷಿಯಾದ ಆಡಳಿತದ ಮುಖ್ಯಸ್ಥರಾಗಿ, ನಾಡನ್ನು ನಡೆಸಿದವರು. 1892ರಲ್ಲಿ ವಕೀಲ ವತ್ರೊಸ್ಲಾವ್ ಬ್ರ್ಲಿಚರನ್ನು ಮದುವೆಯಾಗಿ ಸಾವಾ ನದಿಯ ದಂಡೆಯ ಬ್ರೋಡ್ ಪಟ್ಟಣಕ್ಕೆ ಬಂದ ಇವಾನಾ, ಮೊದಮೊದಲು ಬರೆದದ್ದು ತಮ್ಮ ಮಕ್ಕಳಿಗಾಗಿ. ಕ್ರೂರಿ ಯಜಮಾನನಿಂದ ತಪ್ಪಿಸಿಕೊಂಡು ಊರೂರು ಅಲೆಯುವ ಚಮ್ಮಾರನ ಕೈಕೆಳಗಿನ ಹುಡುಗ ಹ್ಲಾಪಿಚ್‌ನ ಕಥೆ (1913) ಅವರಿಗೆ ಹೆಸರು ತಂದಿತು.

ಆದರೆ ಅವರ ಪ್ರತಿಭೆಯ ನಿಜವಾದ ಅಳತೆ ಸಿಗುವುದು 1916ರಲ್ಲಿ ಪ್ರಕಟವಾದ ‘ಪುರಾತನ ಕಾಲದ ಕಥೆಗಳು’ ಎಂಬ ಸಂಕಲನದಲ್ಲಿ. ಇದನ್ನು ಜಾನಪದ ಕಥೆಗಳ ಸಂಗ್ರಹವೆಂದು ಭಾವಿಸುವವರುಂಟು. ವಾಸ್ತವದಲ್ಲಿ ದೇವತೆಗಳ ಮತ್ತು ಭೂತಗಳ ಹೆಸರುಗಳನ್ನಷ್ಟೇ ಸ್ಲಾವ್ ಜನಾಂಗಗಳ ಪುರಾಣದಿಂದ ಪಡೆದು, ಕಥಾವಸ್ತುವನ್ನು ಇವಾನಾ ತಾವೇ ಹೆಣೆದರು. ‘ಸ್ತ್ರಿಬೋರನ ಕಾಡು’ ಎಂಬ ಕಥೆಯಲ್ಲಿ ಯುವಕನೊಬ್ಬ ಹೆಣ್ಣಿನ ರೂಪ ತಳೆದ ಹಾವನ್ನು ಮದುವೆಯಾಗಿ ಮನೆಗೆ ಕರೆತರುತ್ತಾನೆ. ಸೊಸೆಯ ಸೀಳುನಾಲಗೆಯನ್ನು ಕಂಡುಕೊಂಡ ಮುದಿ ತಾಯಿ ಅವಳಿಂದ ಪಡಬಾರದ ಪಾಡು ಪಡುತ್ತಾಳೆ. ಒಲೆಯಲ್ಲಿ ನೆಲೆಸಿ ಮನೆಯನ್ನು ಕಾಯುವ ಪುಟ್ಟ ಭೂತಗಳು ಅವಳನ್ನು ಕಾಡಿನ ಒಡೆಯ ಸ್ತ್ರಿಬೋರನ ಬಳಿಗೆ ಕರೆದೊಯ್ದಾಗ, ಅವನು ಅವಳ ಹರೆಯವನ್ನೇ ಮರಳಿಸಲು ಮುಂದಾಗುತ್ತಾನೆ. ಹಾಗಾದರೆ ಮಗನ ನೆನಪೇ ಉಳಿಯುವುದಿಲ್ಲವೆಂದು ತಿಳಿದ ತಾಯಿ, ಮಗನಿರುವ ದುಃಖವೇ ತನಗಿರಲೆಂದು ಹೇಳುತ್ತಾಳೆ, ಆ ಕ್ಷಣವೇ ಕಾಡಿನ ಮಾಯೆ ಕಳಚುತ್ತದೆ. ತಾಯಿಯ ಈ ಆಯ್ಕೆಯನ್ನು ಲೇಖಕಿ ಎಲ್ಲಿಯೂ ಹೊಗಳುವುದಿಲ್ಲ, ವಿವರಿಸುವುದೂ ಇಲ್ಲ. ಅವರನ್ನು ‘ಕ್ರೊಯೇಷಿಯಾದ ಆಂಡರ್ಸನ್’ ಎಂದು ಕರೆದು ಸುಮ್ಮನಾಗುವ ವಿಮರ್ಶೆ ಈ ಸಂಯಮವನ್ನು ಗಮನಿಸುವುದು ಕಡಿಮೆ.

1930ರ ದಶಕದಲ್ಲಿ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾಯಿತು. 1937ರಲ್ಲಿ ಜಾಗ್ರೆಬ್‌ನ ಯುಗೊಸ್ಲಾವ್ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಿತು, ಆ ಗೌರವ ಮಹಿಳೆಯೊಬ್ಬರಿಗೆ ಸಂದದ್ದು ಅದೇ ಮೊದಲು. ದೀರ್ಘಕಾಲ ಖಿನ್ನತೆಯಿಂದ ಬಳಲಿದ ಅವರು ಮರುವರ್ಷವೇ ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು.

ಭಾರತೀಯ ಓದುಗರಿಗೆ ವಿಶೇಷವಾಗಿ ಕುತೂಹಲ ಹುಟ್ಟಿಸಬೇಕಾದದ್ದು 1937ರ ‘ಗುಜರಾತಿನ ಉಪರಾಜ ಯಾಶಾ ದಾಲ್ಮಾತಿನ್’ ಎಂಬ ಕಾದಂಬರಿ. ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನ ಕಾಲದಲ್ಲಿ ದಿಯುವಿನ ಆಡಳಿತ ನಡೆಸಿ, ಪೋರ್ಚುಗೀಸರನ್ನು ಎದುರಿಸಿದ ಮಲಿಕ್ ಅಯಾಜ್ ಒಂದು ಕಾಲದ ಗುಲಾಮ. ಅವನು ದುಬ್ರೋವ್ನಿಕ್ ಕಡೆಯವನೆಂದು ಇವಾನಾ ಅವರ ತಂದೆ, ಇತಿಹಾಸ ಸಂಶೋಧಕ ವ್ಲಾದಿಮಿರ್ ಮಝುರಾನಿಚ್, 1920ರ ದಶಕದಲ್ಲಿ ವಾದಿಸಿದ್ದರು. ಮಲಿಕ್ ಅಯಾಜನ ಮೂಲದ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲವಾದರೂ, ಮಗಳು ತಂದೆಯ ವಾದವನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಹರೆಯದವರು ಓದುವ ಸಾಹಸಕಥೆಯಾಗಿಸಿದರು.