ಗಿರಾಕಿ ಕೊಡ್ತಾನ, ನಿನ್ನ ಗಂಟೇನ ಹೋತು?

ಚಿಕ್ಕೋಡಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಜಿಎಸ್‌ಟಿ ನೋಂದಣಿ ಮಿತಿ ಇಳಿಸಿದರೆ ನಮ್ಮ ಗತಿಯೇನು ಎಂದು ಒಬ್ಬ ವೈರ್‌ಮನ್ನೋ ಗೌಂಡಿಯೋ ಬಾಯಿ ಬಿಟ್ಟರೆ ಸಾಕು, ಪಕ್ಕದ ಬೆಂಚಿನ ಇಸ್ತ್ರಿ ಅಂಗಿಯವರು ಬಸಿಯಲ್ಲಿ ಚಹಾ ಊದುತ್ತ ತೀರ್ಪು ಕೊಡುತ್ತಾರೆ: “ತೆರಿಗಿ ಕೊಡಾಂವ ಗಿರಾಕಿ. ಇಸಕೊಂಡು ಸರಕಾರಕ್ಕ ಕಟ್ಟೂದಷ್ಟ ನಿನ್ನ ಕೆಲಸ. ನಿನ್ನ ಗಂಟೇನ ಹೋತೋ ತಮ್ಮಾ?” ಸುತ್ತಲಿದ್ದವರು ಹೌದ್ಹೌದು ಎನ್ನುತ್ತಾರೆ. ಇಷ್ಟು ಸಲೀಸಾಗಿ ಹೇಳಬಹುದಾದ ಸುಳ್ಳನ್ನು ನಾನು ಬೇರೆ ಕಂಡಿಲ್ಲ.

ಕಾಗದದ ಮೇಲೆ ಅವರು ಹೇಳುವುದು ಸರಿ. ಆದರೆ ನಮ್ಮ ಕಡೆ ಮನೆ ವೈರಿಂಗಿನ ದರ ಕಾಗದದ ಮೇಲೆ ಕುದುರುವುದಿಲ್ಲ. ಕಟ್ಟೆಯ ಮೇಲೆ, “ಎಲ್ಲಾ ಸೇರಿ ಎಷ್ಟ ಹೇಳ” ಎಂಬ ಒಂದೇ ಪ್ರಶ್ನೆಯ ಮೇಲೆ ಕುದುರುತ್ತದೆ.

ಒಂದು ಲೆಕ್ಕ ಹಾಕೋಣ. ಸೇವೆಗೆ ಈಗಿರುವ ಮಿತಿ ವರ್ಷಕ್ಕೆ 20 ಲಕ್ಷ. ಅದು 10 ಲಕ್ಷಕ್ಕೆ ಇಳಿಯಿತು ಎಂದುಕೊಳ್ಳಿ. ಇದೇನೂ ಹೊಸ ಅಂಕಿಯಲ್ಲ, ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ತ್ರಿಪುರಾದಲ್ಲಿ ಮಿತಿ 10 ಲಕ್ಷವೇ ಇದೆ. ವರ್ಷದಲ್ಲಿ 300 ದಿನ ಕೆಲಸ ಎಂದರೂ ದಿನಕ್ಕೆ 3,300 ರೂಪಾಯಿ ವಹಿವಾಟು ದಾಟಿದವನು ಒಳಗೆ ಬಿದ್ದ. ನಮ್ಮ ವೈರ್‌ಮನ್ ವರ್ಷಕ್ಕೆ 12 ಲಕ್ಷದ ಕೆಲಸ ಮಾಡುತ್ತಾನೆ. ಅದರಲ್ಲಿ 6 ಲಕ್ಷ ವೈರು, ಪೈಪು, ಬೋರ್ಡಿನ ಅಂಗಡಿಗೆ ಹೋಗುತ್ತದೆ. 2 ಲಕ್ಷ ಹೆಲ್ಪರನ ಪಗಾರ. ಮನೆಗೆ ಉಳಿಯುವುದು 4 ಲಕ್ಷ.

ಈಗ ಅವನು ನೋಂದಣಿ ಮಾಡಿಸಿದ. ಗಿರಾಕಿ ಹಳೇ ದರದ ಮೇಲೆ ಒಂದು ಪೈಸೆ ಏರಿಸಲು ಒಪ್ಪಲಿಲ್ಲ. ಆಗ ಆ 12 ಲಕ್ಷದೊಳಗೇ 18 ಶೇಕಡಾ ತೆರಿಗೆ ಅಡಗಿದೆ ಎಂದು ಲೆಕ್ಕ: 1,83,051 ರೂಪಾಯಿ. ಮಾಲು ಕೊಂಡಾಗ ಅಂಗಡಿಯಲ್ಲಿ ಕೊಟ್ಟ ತೆರಿಗೆ 91,525, ಅದು ವಜಾ. ಉಳಿದ ತೊಂಬತ್ತೊಂದೂವರೆ ಸಾವಿರ ಅವನ ಆ 4 ಲಕ್ಷದಿಂದಲೇ ಹೋಗಬೇಕು. ಲೆಕ್ಕ ಬರೆಯುವವನ ಫೀ ಬೇರೆ. ‘ಗಂಟೇನ ಹೋತು’ ಎಂದವರು ಇದನ್ನು ಏನೆಂದು ಕರೆಯುತ್ತಾರೋ.

ಸರಿ, ದರ ಏರಿಸಿದ ಎನ್ನಿ. ಮೊದಲಿನಷ್ಟೇ ಉಳಿಯಬೇಕಾದರೆ 12 ಲಕ್ಷದ ಕೆಲಸಕ್ಕೆ 13 ಲಕ್ಷದ 8 ಸಾವಿರ ಕೇಳಬೇಕು, ಅಂದರೆ 9 ಶೇಕಡಾ ಹೆಚ್ಚು. ಆ ಗಿರಾಕಿ ಮನೆ ಕಟ್ಟಿಸುತ್ತಿರುವ ಒಬ್ಬ ಮಾಸ್ತರ. ಕೊಟ್ಟ ತೆರಿಗೆಯನ್ನು ಅವರು ಎಲ್ಲಿಯೂ ವಜಾ ಹಾಕಿಕೊಳ್ಳುವಂತಿಲ್ಲ. ಪಕ್ಕದ ಓಣಿಯಲ್ಲಿ ವರ್ಷಕ್ಕೆ 9 ಲಕ್ಷದ ಕೆಲಸ ಮಾಡುವ ಇನ್ನೊಬ್ಬ ವೈರ್‌ಮನ್ ಹಳೇ ದರಕ್ಕೇ ಸಿಗುತ್ತಾನೆ. ಮಾಸ್ತರರು ಯಾರನ್ನು ಕರೆದಾರು?

ಹಾಗಾದರೆ ಆ ಮಾತು ಯಾರಿಗೂ ನಿಜವಲ್ಲವೇ? ಕೆಲವರಿಗೆ ನಿಜ, ಗೊಂದಲ ಹುಟ್ಟಿದ್ದೇ ಅಲ್ಲಿಂದ. ಉಗಾರದ ಸಕ್ಕರೆ ಕಾರ್ಖಾನೆಯಂಥ ಕಡೆ ವೆಲ್ಡಿಂಗ್ ಕೆಲಸ ಹಿಡಿಯುವವನು ತೆರಿಗೆ ಹಾಕಿ ಬಿಲ್ ಕೊಟ್ಟರೆ ಕಾರ್ಖಾನೆ ಅದನ್ನು ತನ್ನ ಲೆಕ್ಕದಲ್ಲಿ ವಜಾ ಹಾಕಿಕೊಳ್ಳುತ್ತದೆ. ಅವನಿಗೆ ನಷ್ಟವಿಲ್ಲ. ತಾನು ಕೊಂಡ ಕಬ್ಬಿಣದ ಮೇಲಿನ ತೆರಿಗೆಯೂ ವಾಪಸು ಬರುವುದರಿಂದ ಒಂದಿಷ್ಟು ಲಾಭವೇ ಆದೀತು. ನೋಡಬೇಕಾದ್ದು ಕಸುಬನ್ನಲ್ಲ, ಗಿರಾಕಿಯನ್ನು. ಕಾರ್ಖಾನೆಗೆ ದುಡಿಯುವವನಿಗೆ ಮಿತಿ ಎಲ್ಲಿದ್ದರೂ ಅಷ್ಟೇ. ಮನೆಮನೆಗೆ ದುಡಿಯುವವನಿಗೆ ಹಾಗಲ್ಲ.

“ಕಂಪೋಸಿಷನ್ ತಗೊಳ್ರಿ, ಎಲ್ಲಾ ಸಸಾರ” ಎಂಬ ಇನ್ನೊಂದು ಉಪದೇಶವಿದೆ. ಸಣ್ಣವರಿಗೆಂದು ಇರುವ ಸರಳ ತೆರಿಗೆ ಯೋಜನೆ ಅದು. ಸೇವೆಗೆ ಅದರ ದರ 6 ಶೇಕಡಾ, ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಮಾಲಿನ ತೆರಿಗೆಯ ವಜಾ ಇಲ್ಲ. ಮೇಲಿನ ವೈರ್‌ಮನ್ನನ ಕಿಸೆಯಿಂದ 72,000. ಇದರಲ್ಲಿ ಬೆಂಗಳೂರಿನವರಿಗೆ ಬಾಧಿಸದ, ನಮಗೆ ಮಾತ್ರ ಚುಚ್ಚುವ ಮುಳ್ಳೊಂದಿದೆ: ಕಂಪೋಸಿಷನ್‌ನಲ್ಲಿರುವವನು ಹೊರ ರಾಜ್ಯಕ್ಕೆ ಕೆಲಸ ಮಾಡುವಂತಿಲ್ಲ. ಮನೆ ಯಾವ ರಾಜ್ಯದಲ್ಲಿದೆಯೋ ಸೇವೆ ಅಲ್ಲಿಯದು. ನಿಪ್ಪಾಣಿಯ ವೈರ್‌ಮನ್ ಮಹಾರಾಷ್ಟ್ರದ ಕಾಗಲ್‌ಗೆ, ಕಾಗವಾಡದ ಪ್ಲಂಬರ್ ಮಿರಜಿಗೆ ಬೈಕಿನಲ್ಲಿ ಹೋಗಿ ಸಂಜೆಗೆ ಮರಳುವುದು ದಿನದ ಸಂಗತಿ. ಹೆಂಡತಿಯ ತವರೂ ಅಲ್ಲೇ ಇರುತ್ತದೆ. ಕಾನೂನಿಗೆ ಮಾತ್ರ ಅದು ಅಂತರರಾಜ್ಯ ಪೂರೈಕೆ. ಇವತ್ತು 20 ಲಕ್ಷದ ಒಳಗಿರುವ ಸೇವೆಯವರಿಗೆ ಗಡಿ ದಾಟಿದರೂ ನೋಂದಣಿ ಬೇಡ. ಮಿತಿ ಇಳಿದರೆ ಆ ರಕ್ಷಣೆಯೂ ಅಷ್ಟು ಕೆಳಗಿಳಿಯುತ್ತದೆ. ಮಾಲು ಮಾರುವವನಿಗಂತೂ ಆ ರಕ್ಷಣೆ ಈಗಲೇ ಇಲ್ಲ. ನಿಪ್ಪಾಣಿಯ ಬಡಿಗ ಒಂದು ಸಾದಾ ಮಂಚ ಮಾರಿ ಗಾಡಿಯಲ್ಲಿ ಕಾಗಲ್‌ಗೆ ಕಳಿಸಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು.

ಮಿತಿ ಇಳಿಸಬೇಕೆನ್ನುವವರದೂ ಒಂದು ನ್ಯಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಇವತ್ತು 22 ಲಕ್ಷದವನು 18 ಲಕ್ಷದವನೆದುರು ಇದೇ ಪೆಟ್ಟು ತಿನ್ನುತ್ತಿದ್ದಾನೆ. ಆದರೆ ಮಿತಿ ಇಳಿಸಿದರೆ ಆ ಜಗಳ ತೀರುವುದಿಲ್ಲ, ಕೆಳಗಿನ ಓಣಿಗೆ ಹೋಗುತ್ತದೆ, ಅಷ್ಟೆ. ಬ್ರಿಟನ್ನಿನಲ್ಲಿ ವ್ಯಾಟ್ ಮಿತಿ 2024ರ ಏಪ್ರಿಲ್‌ನಿಂದ 90,000 ಪೌಂಡ್. ಅಲ್ಲಿಯೂ ಸಣ್ಣ ವ್ಯವಹಾರಗಳು ಗೆರೆಯ ಕೆಳಗೇ ಗುಂಪುಗಟ್ಟಿ ನಿಂತಿರುವುದು ತೆರಿಗೆ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಕೆಲಸ ಹಿಡಿದರೆ ಕೈಯಿಂದ ಹೋಗುತ್ತದೆಂದು ಗೊತ್ತಾದವನು ಅಲ್ಲಿಗೇ ಕೈ ಕಟ್ಟುತ್ತಾನೆ.

ಉಳಿದ ಮೂಢನಂಬಿಕೆಗಳಿಗೆ ಇಷ್ಟು ಜಾಗ ಸಾಲದು, ಬೇಕಾಗಿಯೂ ಇಲ್ಲ. ಮಿತಿ ಲಾಭದ ಮೇಲೆ ಅಲ್ಲ, ವಹಿವಾಟಿನ ಮೇಲೆ. “ನಾವು ಮಾಲೂ ಹಾಕ್ತೀವಿ, ನಮಗ 40 ಲಕ್ಷ” ಎಂದು ಬರೀ ಮಾಲು ಮಾರುವವರ ಮಿತಿ ಹಿಡಿಯುವ ವೈರ್‌ಮನ್ನನದು ತಪ್ಪು. ಮನೆಗೆ ಮಾಲು ಕೂಡಿಸಿ ಮಾಡುವ ಕೆಲಸವನ್ನು ಕಾನೂನು ಸೇವೆ ಎಂದೇ ಎಣಿಸುತ್ತದೆ. ನಿಪ್ಪಾಣಿಯ ತಂಬಾಕು ವ್ಯಾಪಾರಿಗೂ ಇಟ್ಟಂಗಿ ಭಟ್ಟಿಯವನಿಗೂ ಆ 40 ಇಲ್ಲ. ತಾನು ಬೆಳೆದ ತಂಬಾಕು ಮಾರುವ ರೈತನಿಗೆ ನೋಂದಣಿಯೇ ಇಲ್ಲ. ನಿಪ್ಪಾಣಿಯಲ್ಲೊಂದು ಅಂಗಡಿ, ಕಾಗಲ್‌ನಲ್ಲೊಂದು ಅಂಗಡಿ ಇಟ್ಟರೆ ಎರಡು ಮಿತಿ ಸಿಗುವುದಿಲ್ಲ, ಒಂದು ಪ್ಯಾನ್ ಕಾರ್ಡಿಗೆ ದೇಶಕ್ಕೆಲ್ಲ ಒಂದೇ. ಬಿಡಿ ಮನೆಯೊಂದನ್ನು ಹೊಸದಾಗಿ ಬರೀ ಕೂಲಿಗೆ ಕಟ್ಟುವ ಗೌಂಡಿಯ ಕೆಲಸಕ್ಕೆ ತೆರಿಗೆಯೇ ಇಲ್ಲ. ರಿಪೇರಿಗೆ ಇದೆ.

ಇನ್ನು ಫೋನ್‌ಪೇ ಕಥೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಬಂತು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ. ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತನಾಡಿ ಸಮಾಧಾನ ಮಾಡಿದರು. ನಮ್ಮವರು ಇಷ್ಟರಿಂದ ಕಲಿತ ಪಾಠವೇನು? ಫೋನಿನಲ್ಲಿ ಇಸಕೊಂಡರೆ ಜಿಎಸ್‌ಟಿ, ನೋಟಿನಲ್ಲಿ ಇಸಕೊಂಡರೆ ಇಲ್ಲ! ನಗದೂ ವಹಿವಾಟೇ ಎಂದು ಹೇಳಿದರೆ ನನ್ನನ್ನೇ ಇಲಾಖೆಯವನಂತೆ ನೋಡುತ್ತಾರೆ. ಹಸಿಮೆಣಸಿನಕಾಯಿ ಕೊಳ್ಳುವಾಗ ಐದು ರೂಪಾಯಿಗೆ ಹತ್ತು ನಿಮಿಷ ವಾದಿಸುವ ಜನ, ಮೊಬೈಲಿಗೆ ಬಂದ ಮೆಸೇಜನ್ನು ಮಾತ್ರ ಚೌಕಾಸಿ ಇಲ್ಲದೆ ಕೊಂಡುಬಿಡುತ್ತಾರೆ. ಅದಕ್ಕೆ ಸಹಿಯಿಲ್ಲ, ತಾರೀಖಿಲ್ಲ, ಯಾವ ರಾಜ್ಯದ ನಿಯಮವೆಂದೂ ಇಲ್ಲ. ರಾಯಬಾಗದಿಂದ ಅಥಣಿಗೆ ತಲುಪುವಷ್ಟರಲ್ಲಿ ಅದಕ್ಕೆ ಇನ್ನೆರಡು ಸೊನ್ನೆ ಕೂಡಿರುತ್ತವೆ.

ಕೊನೆಗೊಂದು ಮಾತು, ಮನೆ ಕಟ್ಟಿಸುತ್ತಿರುವವರಿಗೆ. ಯಾರಾದರೂ ಬಿಲ್ಲಿನಲ್ಲಿ 18 ಶೇಕಡಾ ಸೇರಿಸಿದರೆ ನೋಂದಣಿ ಸಂಖ್ಯೆ ಕೇಳಿ. ಅದರಲ್ಲಿ 15 ಅಕ್ಷರ ಇರಬೇಕು. ಕರ್ನಾಟಕದ್ದಾದರೆ 29ರಿಂದ, ಮಹಾರಾಷ್ಟ್ರದ್ದಾದರೆ 27ರಿಂದ ಶುರುವಾಗಿರಬೇಕು. ಸಂಖ್ಯೆ ಇಲ್ಲದವನಿಗೆ ತೆರಿಗೆ ಎಂದು ಒಂದು ರೂಪಾಯಿಯನ್ನೂ ಇಸಕೊಳ್ಳುವ ಹಕ್ಕಿಲ್ಲ.