ಜಿಲೇಬಿ ಮೀನಿನ ಕುಲ: ಅದರ ಭೇದಗಳೂ ಹರಹೂ

ಕೆರೆ, ಕುಂಟೆ, ಹೊಂಡಗಳಲ್ಲಿ ಮೀನು ಸಾಕಬೇಕೆಂದಿರುವ ಗ್ರಾಮಮುಖ್ಯರಿಗೂ ಜಮೀನುದಾರರಿಗೂ ಜಿಲೇಬಿ ಎಂಬ ಹೆಸರು ಅಪರಿಚಿತವಾದುದಲ್ಲ. ಆದರೆ ಈ ಒಂದು ಹೆಸರಿನಿಂದ ಮಾರಲ್ಪಡುವ ಮೀನುಗಳು ಒಂದೇ ಜಾತಿಯವಲ್ಲ. ಅವುಗಳಲ್ಲಿ ಒಂದು ಕ್ರಮವರಿತು ಸಾಕಿದವನಿಗೆ ಲಾಭವನ್ನು ಕೊಡುವುದು. ಇನ್ನೊಂದು ಕೆರೆಯನ್ನೇ ಕೆಡಿಸುವುದು. ಆದುದರಿಂದ ಈ ಕುಲದ ಭೇದಗಳನ್ನು ತಿಳಿದುಕೊಳ್ಳುವುದು ಅವಶ್ಯವಾಗಿದೆ.

ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ಸಿಕ್ಲಿಡೇ ಎಂಬ ಕುಟುಂಬದಲ್ಲಿ ಸೇರಿಸಿರುವರು. ಈ ಕುಟುಂಬದಲ್ಲಿ ೧೭೦೦ಕ್ಕೂ ಮಿಕ್ಕ ಜಾತಿಗಳು ವರ್ಣಿಸಲ್ಪಟ್ಟಿವೆ. ಬಹುಪಾಲು ಆಫ್ರಿಕಾ ಖಂಡಕ್ಕೆ, ಅದರಲ್ಲಿಯೂ ವಿಕ್ಟೋರಿಯಾ, ಟಾಂಗನ್ಯೀಕ, ಮಲಾವಿ ಸರೋವರಗಳಿಗೆ ಸೇರಿದವು. ದಕ್ಷಿಣ ಮತ್ತು ಮಧ್ಯ ಅಮೆರಿಕಗಳಲ್ಲಿಯೂ ಅನೇಕವಿವೆ. ಏಷ್ಯಾದಲ್ಲಿ ಮಾತ್ರ ಬೆರಳೆಣಿಕೆಯಷ್ಟು. ಇವುಗಳ ಗುರುತು ಸುಲಭ. ಗೆಂಡೆ ಮೊದಲಾದ ಮೀನುಗಳಿಗೆ ಮೂತಿಯ ಒಂದೊಂದು ಪಕ್ಕದಲ್ಲಿ ಎರಡೆರಡು ಮೂಗಿನ ರಂಧ್ರಗಳಿದ್ದರೆ ಇವಕ್ಕೆ ಒಂದೊಂದೇ ಇರುವುದು. ಬೆನ್ನಿನ ಈಜುರೆಕ್ಕೆ ಉದ್ದವಾಗಿದ್ದು ಮುಂಭಾಗದಲ್ಲಿ ಚೂಪಾದ ಮುಳ್ಳುಗಳಿಂದ ಕೂಡಿರುವುದು. ಗಂಟಲಿನೊಳಗೆ ಎರಡನೆಯ ದವಡೆಯೊಂದಿದ್ದು ಆಹಾರವನ್ನು ಅಲ್ಲಿಯೇ ಅರೆಯುವುದರಿಂದ, ಪಾಚಿ, ಕೊಳೆತ ಸೊಪ್ಪು, ಹುಳು ಯಾವುದೂ ಇವಕ್ಕೆ ವರ್ಜ್ಯವಲ್ಲ.

ನಮ್ಮ ದೇಶದ ಸ್ವಂತ ಜಾತಿಗಳು ಮೂರೇ. ಕೇರಳದವರು ಕರಿಮೀನು ಎಂದು ಕರೆಯುವ ಎಟ್ರೋಪ್ಲಸ್ ಸುರಟೆನ್ಸಿಸ್ ಅನ್ನು ೧೭೯೦ರಲ್ಲಿ ಬ್ಲಾಕ್ ಎಂಬ ವಿದ್ವಾಂಸನು ವರ್ಣಿಸಿದನು. ಕಿತ್ತಳೆ ಬಣ್ಣದ ಚಿಕ್ಕ ಜಾತಿಯು ಎರಡನೆಯದು. ಮೂರನೆಯದಾದ ಎಟ್ರೋಪ್ಲಸ್ ಕೆನರೆನ್ಸಿಸ್ ದಕ್ಷಿಣ ಕನ್ನಡದ ಹೊಳೆಗಳದು. ೧೮೭೭ರಲ್ಲಿ ಫ್ರಾನ್ಸಿಸ್ ಡೇ ಎಂಬವನು ಇದಕ್ಕೆ ಕನ್ನಡ ಜಿಲ್ಲೆಯ ಹೆಸರನ್ನೇ ಇಟ್ಟನು. ಇವುಗಳ ಹತ್ತಿರದ ಬಂಧುಗಳು ಸಮುದ್ರದಾಚೆಯ ಮಡಗಾಸ್ಕರ್ ದ್ವೀಪದಲ್ಲಿರುವುದು ಸೋಜಿಗವೇ ಸರಿ. ಇವು ಕರಾವಳಿಯ ಮೀನುಗಳಾದುದರಿಂದ ಮಾಂಜ್ರಾ, ಕಾರಂಜಾ ನದಿಗಳಲ್ಲಿ ಇವುಗಳ ಸ್ವಾಭಾವಿಕ ವಾಸವಿಲ್ಲ.

ನಮ್ಮ ಕಡೆಯ ಜಿಲೇಬಿಯಾದರೋ ಆಫ್ರಿಕದಿಂದ ಬಂದುದು. ಮೊದಲು ಇವೆಲ್ಲವನ್ನೂ ಟಿಲಾಪಿಯಾ ಎಂಬ ಒಂದೇ ಗಣದಲ್ಲಿ ಇಟ್ಟಿದ್ದರು. ಲಂಡನ್ನಿನ ವಿದುಷಿ ಎಥೆಲ್ವಿನ್ ಟ್ರೆವಾವಸ್ ಅವರು ೧೯೮೩ರ ತಮ್ಮ ಗ್ರಂಥದಲ್ಲಿ ಮರಿಗಳನ್ನು ಸಾಕುವ ರೀತಿಯನ್ನೂ ಗಮನಿಸಿ ಇವನ್ನು ಬೇರ್ಪಡಿಸಿದರು. ನೆಲದ ಮೇಲೆ ಮೊಟ್ಟೆಯಿಟ್ಟು ಕಾಯುವವು ಟಿಲಾಪಿಯಾ. ತಾಯಿಯೊಂದೇ ಮೊಟ್ಟೆಗಳನ್ನು ಬಾಯಲ್ಲಿಟ್ಟು ಮರಿಮಾಡುವವು ಓರಿಯೋಕ್ರೋಮಿಸ್. ತಂದೆಯಾಗಲಿ ತಂದೆತಾಯಿಗಳಿಬ್ಬರಾಗಲಿ ಬಾಯಲ್ಲಿಡುವವು ಸಾರೊಥೆರೊಡಾನ್. ಕೃಷಿಕನಿಗೆ ಈ ವಿಭಾಗವು ಬರಿಯ ಪಂಡಿತರ ವಿಚಾರವಲ್ಲ. ನಮ್ಮಲ್ಲಿರುವುದು ಎರಡನೆಯ ಗಣ. ಒಂದೇ ಒಂದು ಹೆಣ್ಣು ಮೀನು ಕೊಡದ ನೀರಿನಲ್ಲಿ ಬಂದರೂ ಬಾಯೊಳಗೆ ನೂರಾರು ಮೊಟ್ಟೆಗಳನ್ನು ತಂದಿರಬಹುದು. ಕೆರೆಗೆ ಅಷ್ಟೇ ಸಾಕು.

ಈ ಗಣದ ಮೊಸಾಂಬಿಕಸ್ ಜಾತಿಯನ್ನು ೧೯೫೨ರಲ್ಲಿ ಬ್ಯಾಂಕಾಕಿನಿಂದ ಮಂಡಪಮ್ಮಿಗೆ ತರಲಾಯಿತು. ಎರಡು ಮೂರು ತಿಂಗಳಲ್ಲಿಯೇ ಇದು ಮರಿಮಾಡತೊಡಗಿ, ಮೇಲಿಂದ ಮೇಲೆ ಸಂತಾನವನ್ನು ಹೆಚ್ಚಿಸುವುದು. ಆಗ ಮೇವು ಸಾಲದೆ ಎಲ್ಲವೂ ಅಂಗೈಯಗಲಕ್ಕೆ ಕುಗ್ಗಿ ನಿಲ್ಲುವುವು. ಕಟ್ಲ, ರೋಹು, ಮೃಗಾಲ್ ಮರಿಗಳ ಪಾಲಿನ ಆಹಾರವೂ ಹೋಗುವುದು. ಕೆರೆಯ ತುಂಬ ಮೀನು, ಬುಟ್ಟಿಯಲ್ಲಿ ಬೆಲೆಯಿಲ್ಲ! ಈ ಕಾರಣದಿಂದ ೧೯೫೯ರಲ್ಲಿಯೇ ಭಾರತದ ಮೀನುಗಾರಿಕೆ ಸಂಶೋಧನಾ ಸಮಿತಿಯು ಇದರ ಪ್ರಸಾರವನ್ನು ನಿಷೇಧಿಸಿತು. ಆದರೆ ಆ ವೇಳೆಗೆ ಮೀನು ಹರಡಿಯಾಗಿತ್ತು.

ನಿಲೋಟಿಕಸ್ ಎಂಬ ನೈಲ್ ನದಿಯ ಜಾತಿಯು ಬೇರೆ. ಅದರ ಬಾಲದ ರೆಕ್ಕೆಯ ಮೇಲೆ ನಿಂತ ಗೆರೆಗಳು ಸಾಲಾಗಿ ಕಾಣುವುವು. ಮೊಸಾಂಬಿಕಸ್ಸಿಗೆ ಅವಿಲ್ಲ, ಬೆದೆಯ ಗಂಡು ಕಪ್ಪಾಗಿ ರೆಕ್ಕೆಯಂಚು ಕೆಂಪೇರುವುದು. ೧೯೮೮ರಲ್ಲಿ ಫಿಲಿಪೀನ್ಸಿನಲ್ಲಿ ಆರಂಭವಾದ ತಳಿಸುಧಾರಣೆಯಿಂದ ಗಿಫ್ಟ್ ಎಂಬ ತಳಿಯು ಹುಟ್ಟಿದ್ದು ಈ ನಿಲೋಟಿಕಸ್ಸಿನಿಂದಲೇ. ಗಂಡು ಮರಿಗಳನ್ನಷ್ಟೇ ಸಾಕಿದರೆ ಸಂತಾನದ ಉಪದ್ರವವಿಲ್ಲದೆ ತೂಕ ಬರುವುದು. ಆದರೂ ಸರಕಾರದ ಅನುಮತಿಯನ್ನು ಪಡೆದು, ನೀರು ಹೊರಹರಿಯದಂತೆ ಕಟ್ಟಿದ ಹೊಂಡಗಳಲ್ಲಿ ಮಾತ್ರ ಇದನ್ನು ಸಾಕತಕ್ಕದ್ದು. ಊರಿನ ಕೆರೆಗೆ ಬಿಡುವುದು ಸರ್ವಥಾ ಕೂಡದು.

ಏಕೆಂದರೆ ನಮ್ಮ ನೀರು ನಮ್ಮಲ್ಲಿಯೇ ನಿಲ್ಲುವುದಿಲ್ಲ. ಭಾಲ್ಕಿಯ ಹಳ್ಳಗಳ ಕೋಡಿನೀರು ಕಾರಂಜಾವನ್ನೋ ಮಾಂಜ್ರಾವನ್ನೋ ಸೇರುವುದು. ಔರಾದದ ಕಡೆಯದೂ ಮಾಂಜ್ರಾಕ್ಕೇ. ಅಲ್ಲಿಂದ ಸಿಂಗೂರು, ನಿಜಾಮಸಾಗರ ಜಲಾಶಯಗಳ ಮೂಲಕ ಗೋದಾವರಿಗೆ ದಾರಿ. ಬೀದರಿನ ಚಳಿಗಾಲವೂ ಈ ಮೀನನ್ನು ಕೊಲ್ಲುವಷ್ಟು ಕಠಿಣವಲ್ಲ.

ಮೊಸಾಂಬಿಕಸ್ ಆಗಲೇ ಸೇರಿಕೊಂಡಿರುವ ಹೊಂಡವನ್ನು ಬಲೆಯಿಂದ ಶುದ್ಧಿಮಾಡಲಾಗದು. ಬೇಸಗೆಯಲ್ಲಿ ನೀರನ್ನು ಪೂರ್ತಿ ಬತ್ತಿಸಿ, ತಳವು ಬಿರುಕು ಬಿಡುವವರೆಗೆ ಒಣಗಿಸಬೇಕು; ಒಂದು ಬೊಗಸೆ ನೀರು ಉಳಿದರೂ ಶ್ರಮವು ವ್ಯರ್ಥ. ಬತ್ತಿಸಲು ಆಗದಿದ್ದಲ್ಲಿ, ಒಂದು ಮೀಟರು ಆಳದ ನೀರಿಗೆ ಎಕರೆಗೆ ೧೦೦೦ ಕಿಲೋಗ್ರಾಮಿನಂತೆ ಹಿಪ್ಪೆ ಹಿಂಡಿಯನ್ನು ನೆನೆಸಿ ಚೆಲ್ಲಬೇಕು. ಹಿಂಡಿಯ ವಿಷವು ಇಳಿದ ಮೇಲೆ, ಎಂದರೆ ಸುಮಾರು ಮೂರು ವಾರಗಳ ತರುವಾಯ, ಗೆಂಡೆ ಮರಿಗಳನ್ನು ಬಿಡಬಹುದು. ಮರಿ ಕೊಳ್ಳುವಾಗ ಹಂಡೆಯ ನೀರನ್ನು ಹೊಂಡಕ್ಕೆ ಸುರಿಯುವ ಮೊದಲು ಅಗಲವಾದ ಬಿಳಿಯ ತಟ್ಟೆಗೆ ಸ್ವಲ್ಪ ಬಗ್ಗಿಸಿ, ಮರಿಗಳ ಮೂತಿಯನ್ನೂ ಬೆನ್ನಿನ ಮುಳ್ಳನ್ನೂ ಪರೀಕ್ಷಿಸತಕ್ಕದ್ದು.