ಸೇಫ್ಟಿ ಕಾರ್ ಹಿಂದೆ ಟೈರ್ ತಣ್ಣಗಾದರೆ

ಫಾರ್ಮುಲಾ ಒನ್ ನೋಡುವಾಗ ಸೇಫ್ಟಿ ಕಾರ್ ಬಂತೆಂದರೆ ಅಪ್ಪ ಕಾಫಿ ತರಲು ಏಳುತ್ತಾರೆ, ಅಲ್ವಾ? ಏಳಬೇಡಿ ಅನ್ನಿ. ಓವರ್‌ಟೇಕ್ ಮಾಡುವಂತಿಲ್ಲ, ನಿಜ; ಆದರೆ ಚಾಲಕನ ಕಷ್ಟ ಶುರುವಾಗುವುದೇ ಆಗ.

ರೇಸಿನ ಟೈರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದರೇನೇ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ನಿಧಾನವಾದರೆ ರಬ್ಬರ್ ಗಟ್ಟಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಾರು ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ಅದಕ್ಕೇ ಅವರು ಹಾವಿನಂತೆ ಅತ್ತಿತ್ತ ಹೊರಳುವುದು, ಆಗಾಗ ಬ್ರೇಕ್ ಒತ್ತುವುದು. ಬ್ರೇಕಿನ ಬಿಸಿ ಚಕ್ರದ ಮೂಲಕ ಟೈರಿಗೂ ತಲುಪುತ್ತದೆ.

1994ರ ಮೇ 1, ಇಟಲಿಯ ಇಮೋಲಾ. ಅಂದಿನ ಸೇಫ್ಟಿ ಕಾರು ಓಪೆಲ್ ವೆಕ್ಟ್ರಾ. ಇನ್ನೂ ಬೇಗ ಹೋಗು ಎಂದು ಐರ್ಟನ್ ಸೆನ್ನಾ ಅದರ ಪಕ್ಕಕ್ಕೆ ಬಂದು ಸನ್ನೆ ಮಾಡಿದರು. ರೇಸ್ ಮತ್ತೆ ಶುರುವಾದ ಎರಡನೇ ಸುತ್ತಿನಲ್ಲಿ ಅವರ ಕಾರು ಗೋಡೆಗೆ ಬಡಿಯಿತು, ಸೆನ್ನಾ ಉಳಿಯಲಿಲ್ಲ. ಟೈರಿನ ಒತ್ತಡ ಇಳಿದದ್ದು ಕಾರಣವೋ, ಸ್ಟಿಯರಿಂಗ್ ಮುರಿದದ್ದೋ, ವಾದ ಇನ್ನೂ ಮುಗಿದಿಲ್ಲ.

ಅದೇ ಇಮೋಲಾದಲ್ಲಿ 2020ರಲ್ಲಿ ಜಾರ್ಜ್ ರಸೆಲ್ ಹತ್ತನೇ ಸ್ಥಾನದಲ್ಲಿದ್ದರು. ಫಾರ್ಮುಲಾ ಒನ್‌ನಲ್ಲಿ ಅದುವರೆಗೆ ಅವರಿಗೆ ಒಂದು ಅಂಕವೂ ಸಿಕ್ಕಿರಲಿಲ್ಲ. ಸೇಫ್ಟಿ ಕಾರ್ ಹಿಂದೆ ಟೈರ್ ಬಿಸಿ ಮಾಡಲು ಹೋಗಿ, ಯಾರ ಕಾರೂ ತಾಗದೆ, ತಾವೇ ಜಾರಿ ಗೋಡೆಗೆ ಗುದ್ದಿದರು. ಆಮೇಲೆ ಟ್ರ್ಯಾಕ್ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದರು.